ಐದು ವಿಳಾಸದ ಒಂದು ಮನವಿ

ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ 2022ರ ಅಕ್ಟೋಬರ್‌ನಿಂದ ಸುಮಾರು ಒಂದೂವರೆ ವರ್ಷ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರು, ಜನ ಯಾರೆಂದು ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನಾನು ಆ ಸಂಘದ ಷೇರುದಾರ, ಒಂದು ಎಕರೆ ಚಿಲ್ಲರೆ ಅಡಿಕೆ ತೋಟದವನು. ಅದಕ್ಕೂ ಮೊದಲು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಕೇಂದ್ರ, ರಾಜ್ಯಗಳಿಗೆ ಅಧಿಕಾರ ಹಂಚುವ ಸಂವಿಧಾನದ ಏಳನೇ ಅನುಸೂಚಿ ಎಂದು ಕರಿಹಲಗೆಯ ಮೇಲೆ ಮೂರು ಕಾಲಂ ಎಳೆದು ಎಷ್ಟು ವರ್ಷ ಬರೆಸಿದ್ದೇನೋ ಲೆಕ್ಕವಿಲ್ಲ. ಆ ಗೆರೆಗಳು ನನ್ನ ತೋಟದ ಒಳಗೇ ಹಾದುಹೋಗಿವೆ ಎಂದು ತಿಳಿದದ್ದು ನಿವೃತ್ತನಾದ ಮೇಲೆ.

ಹಿನ್ನೆಲೆ

ಆ ಅಕ್ಟೋಬರ್‌ನಲ್ಲಿ ಮೂರು ಪೆಟ್ಟು ಒಟ್ಟಿಗೆ ಬಿದ್ದಿದ್ದವು. ಮೊದಲನೆಯದು ಎಲೆಚುಕ್ಕೆ ರೋಗ. ಕೊಳೆ ರೋಗ ನಮಗೆ ಹಳೆಯ ನೆಂಟ. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆದು ಹೇಗೋ ಸಂಭಾಳಿಸುತ್ತೇವೆ. ಎಲೆಚುಕ್ಕೆ ಹಾಗಲ್ಲ, ಸೋಗೆಯೇ ಒಣಗಿ ಜೋತುಬಿದ್ದು ಮರ ಬೋಳಾಗುತ್ತದೆ. ಎರಡನೆಯದು ವಿಮೆ. ಹಿಂದಿನ ಸಾಲಿನ ಹವಾಮಾನ ಆಧಾರಿತ ಬೆಳೆ ವಿಮೆಯ ಹಣ ಜಮೆಯಾದಾಗ ನಮ್ಮ ಪಂಚಾಯಿತಿಗೆ ಬಂದದ್ದು ಹಳ್ಳದಾಚೆಯ ಪಂಚಾಯಿತಿಗೆ ಬಂದದ್ದರ ಮುಂದೆ ಏನೇನೂ ಅಲ್ಲ. ನೆನೆದದ್ದು ಒಂದೇ ಮಳೆಗೆ.

ಮೂರನೆಯದು ಸುದ್ದಿ. ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿತ್ತು: ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ, ಪಶ್ಚಿಮ ಬಂಗಾಳದ ಜೈಗಾಂವ್ ಗಡಿ ಠಾಣೆಯ ಮೂಲಕ ತರಬಹುದು. ಆಗ ಕನಿಷ್ಠ ಆಮದು ಬೆಲೆ ಕೆ.ಜಿ.ಗೆ 251 ರೂಪಾಯಿ. ಅದಕ್ಕಿಂತ ಕಡಿಮೆ ದರ ತೋರಿಸಿದ ಸರಕು ದೇಶದೊಳಗೆ ಬರುವಂತಿಲ್ಲ. ಈ ಬೇಲಿಯಲ್ಲಿ ಭೂತಾನ್‌ಗೆ ಒಂದು ತಡಮೆ ಬಿಟ್ಟಂತಾಯಿತು. ಅದೇ ಹೊತ್ತಿಗೆ ಮಂಡಿಯಲ್ಲಿ ದರ ಇಳಿಯತೊಡಗಿತು. ಎರಡಕ್ಕೂ ಗಂಟು ಹಾಕಲು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಂಘದ ಸಭಾಂಗಣ ಅಷ್ಟು ತುಂಬಿದ್ದನ್ನು ನಾನು ಚುನಾವಣೆಯ ದಿನವೂ ಕಂಡಿರಲಿಲ್ಲ. ಅಧ್ಯಕ್ಷರು ಹೇಳುತ್ತಾ ಹೋದರು, ಕಾರ್ಯದರ್ಶಿ ಬರೆಯುತ್ತಾ ಹೋದರು. ಐದು ಬೇಡಿಕೆಗಳ ಮನವಿ ಸಿದ್ಧವಾಯಿತು: ಭೂತಾನ್ ಅಡಿಕೆ ನಿಲ್ಲಿಸಿ ಶ್ರೀಲಂಕಾ ಜೊತೆಗಿನ ವ್ಯಾಪಾರ ಒಪ್ಪಂದವನ್ನೂ ರದ್ದುಮಾಡಿ; ಅಡಿಕೆಯ ಮೇಲಿನ ಶೇಕಡಾ 5 ಜಿಎಸ್‌ಟಿ ತೆಗೆಯಿರಿ; ಎಲೆಚುಕ್ಕೆಗೆ ಔಷಧ, ಪರಿಹಾರ ಕೊಡಿ; ವಿಮೆಯ ಅನ್ಯಾಯ ಸರಿಪಡಿಸಿ; ಅಡಿಕೆ ಹಾನಿಕರ ಎಂಬ ಹಣೆಪಟ್ಟಿ ಅಳಿಸಿ. ಮೆರವಣಿಗೆಯಲ್ಲಿ ಹೋಗಿ ತಹಶೀಲ್ದಾರರ ಮೂಲಕ ಮುಖ್ಯಮಂತ್ರಿಗಳಿಗೆ ಎಂದು ಕೊಟ್ಟು ಬಂದೆವು. ಫೋಟೊ ಪತ್ರಿಕೆಯಲ್ಲಿ ಬಂತು. ಬರೆದುಕೊಟ್ಟ ಭಾಷೆ ಬಹುಪಾಲು ನನ್ನದೇ. ಹಾಗಾಗಿ ಮುಂದೆ ಆದದ್ದರಲ್ಲಿ ನನ್ನ ಪಾಲೂ ಇದೆ.

ಎರಡು ತಿಂಗಳಿಗೆ ಒಂದೇ ಒಂದು ಉತ್ತರ ಬಂತು, ತೋಟಗಾರಿಕೆ ಇಲಾಖೆಯಿಂದ. ಮೂರನೇ ಅಂಶದ ಬಗ್ಗೆ ನಾಲ್ಕು ಸಾಲು, ಕೊನೆಗೆ ‘ಉಳಿದ ಅಂಶಗಳು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ’.

ಕತ್ತರಿ

ಜನವರಿಯಲ್ಲಿ ಆಡಳಿತ ಮಂಡಳಿ ಮತ್ತೆ ಕೂತಿತು. ಹೊಸ ಮನವಿ, ಇನ್ನೂ ಖಾರವಾಗಿ ಬರೆಯಿರಿ ಎಂದು ಅಧ್ಯಕ್ಷರು. ನಾನೂ ತಲೆಯಾಡಿಸುತ್ತಿದ್ದೆ. ಆಗ ಮಾತಾಡಿದವರು ನಮ್ಮೂರ ನಿವೃತ್ತ ಪೋಸ್ಟ್ ಮಾಸ್ಟರು.

‘ಮೇಷ್ಟ್ರೇ, ನೀವು ಬರ್ದಿದ್ದು ಕಾಗ್ದ ಅಲ್ಲ ಮಾರಾಯ್ರೇ, ಟಪಾಲು ಚೀಲ. ಚೀಲಾನ ಹಾಗೇ ಯಾರಾದ್ರೂ ಬಟವಾಡೆ ಮಾಡ್ತಾರಾ? ಬಿಚ್ಚಿ ವಿಂಗಡಿಸ್ಬೇಕು.’

ಹೇಳಿದವರೇ ಕಾರ್ಯದರ್ಶಿಯ ಮೇಜಿನಿಂದ ಕತ್ತರಿ ತೆಗೆದುಕೊಂಡು ಮನವಿಯ ಪ್ರತಿಯನ್ನು ಐದು ಪಟ್ಟಿ ಮಾಡಿ ಸಾಲಾಗಿ ಇಟ್ಟರು. ‘ಈಗ ಹೇಳಿ, ಯಾವುದು ಯಾವ ಊರಿಗೆ?’

ಮೂವತ್ತು ವರ್ಷ ಪಾಠ ಮಾಡಿದವನಿಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು. ಆ ಮೇಜಿನ ಮುಂದೆ ನಾನು ಏಳನೇ ಅನುಸೂಚಿಯನ್ನು ಮೊದಲ ಸಲ ಓದಿದೆ ಎಂದರೆ ಅತಿಶಯವಲ್ಲ. ಕೃಷಿ, ಸಸ್ಯರೋಗ ತಡೆ ರಾಜ್ಯಪಟ್ಟಿಯ 14ನೇ ನಮೂದು. ಬೆಳೆಯುವವನು, ಮರ, ರೋಗ ಎಲ್ಲ ರಾಜ್ಯದ ಪಾಲು. ಬೆಳೆದ ಸರಕಿನ ಎದುರು ಪರದೇಶದ ಸರಕು ಬಂದು ನಿಲ್ಲುವುದು ಕೇಂದ್ರಪಟ್ಟಿಯ 41. ಅದರ ಮೇಲಿನ ಸುಂಕ 83. ಒಪ್ಪಂದಕ್ಕೆ ಸಹಿ 14. ವಿಮೆ 47, ಅದೂ ಕೇಂದ್ರಪಟ್ಟಿ. ಸಂಘ ರಾಜ್ಯದ 1959ರ ಸಹಕಾರ ಸಂಘಗಳ ಕಾಯ್ದೆಗೆ ಸೇರಿದ್ದು. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅಡಿಕೆ ಕೊಳ್ಳುವ ಸಹಕಾರ ಸಂಸ್ಥೆ ಕ್ಯಾಂಪ್ಕೊ ಕೇಂದ್ರದ ಬಹುರಾಜ್ಯ ಸಹಕಾರ ಕಾಯ್ದೆಯದ್ದು. ಸಂವಿಧಾನ ಬರೆಯುವಾಗ ಕೃಷಿಯನ್ನು ರಾಜ್ಯಕ್ಕೆ, ವಿದೇಶ ವ್ಯಾಪಾರವನ್ನು ಕೇಂದ್ರಕ್ಕೆ ಕೊಟ್ಟಾಗ ಎರಡೂ ಬೇರೆ ಬೇರೆ ಕೋಣೆಗಳೇ ಆಗಿದ್ದಿರಬೇಕು. ಈಗ ನಡುವಿನ ಗೋಡೆ ಬಿದ್ದಿದೆ, ಬೀಗಗಳು ಮಾತ್ರ ಹಾಗೇ ಇವೆ.

ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ತೋಟಕ್ಕೆ ಬಂದಿದ್ದ ಹುಡುಗನೊಬ್ಬ ಕೇಳಿದ: ‘ಹಾಗಾದ್ರೆ ನಮ್ಮ ವಿಧಾನಸಭೆ ಒಂದು ನಿರ್ಣಯ ಮಾಡಿ ಒಪ್ಪಂದ ನಿಲ್ಲಿಸೋಕಾಗಲ್ವಾ ಸಾರ್?’

ನಿಲ್ಲಿಸಲಾಗದು. ಒಪ್ಪಂದ ಮಾಡಿಕೊಳ್ಳಲು ಕೇಂದ್ರ ಯಾವ ರಾಜ್ಯದ ಒಪ್ಪಿಗೆಯನ್ನೂ ಕೇಳಬೇಕಿಲ್ಲ. ಜಾರಿಗೆ ಕಾನೂನು ಬೇಕಾದರೆ 253ನೇ ವಿಧಿ ರಾಜ್ಯಪಟ್ಟಿಯ ವಿಷಯದಲ್ಲೂ ಸಂಸತ್ತಿಗೆ ಅಧಿಕಾರ ಕೊಟ್ಟಿದೆ. 2009ರಲ್ಲಿ ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ವ್ಯಾಪಾರ ಒಪ್ಪಂದವನ್ನು ಕೇರಳ ಸರ್ಕಾರ ಬಹಿರಂಗವಾಗಿ ವಿರೋಧಿಸಿತು. 2010ರ ಜನವರಿಯಲ್ಲಿ ಅದು ಜಾರಿಗೆ ಬಂತು. ಬೆಲ್ಜಿಯಂನ ಕತೆ ಬೇರೆ. 2016ರ ಅಕ್ಟೋಬರ್‌ನಲ್ಲಿ ಐರೋಪ್ಯ ಒಕ್ಕೂಟ ಮತ್ತು ಕೆನಡಾ ನಡುವಿನ ವ್ಯಾಪಾರ ಒಪ್ಪಂದವನ್ನು ಅಲ್ಲಿನ ವಲೋನಿಯಾ ಪ್ರಾಂತ್ಯದ ಶಾಸನಸಭೆ ಕೆಲವು ದಿನ ತಡೆದು ನಿಲ್ಲಿಸಿ, ತನ್ನ ಷರತ್ತು ಬರೆಸಿಕೊಂಡೇ ಬಿಟ್ಟಿತು. ಕೆನಡಾದ ಕಡೆಯಿಂದಲೂ ಪ್ರಾಂತ್ಯಗಳು ಮಾತುಕತೆಯ ಮೇಜಿನಲ್ಲಿದ್ದವು. ಇದನ್ನು ಹೇಳಿದಾಗ ಸಭೆಯಲ್ಲಿ ಒಂದು ಕ್ಷಣ ಆಸೆ ಮೂಡಿದ್ದನ್ನು ಕಂಡೆ. ಜೊತೆಗೇ ತೀಸ್ತಾ ನದಿಯ ವಿಷಯವನ್ನೂ ಹೇಳಬೇಕಾಯಿತು. 2011ರಲ್ಲಿ ಬಾಂಗ್ಲಾದೇಶದೊಂದಿಗಿನ ನೀರು ಹಂಚಿಕೆ ಒಪ್ಪಂದ ಪಶ್ಚಿಮ ಬಂಗಾಳ ಒಪ್ಪದ್ದರಿಂದ ನಿಂತುಹೋಯಿತು. ಕಾನೂನಿನಲ್ಲಿ ಆ ರಾಜ್ಯಕ್ಕೂ ತಡೆಯುವ ಹಕ್ಕಿರಲಿಲ್ಲ, ದೆಹಲಿಯಲ್ಲಿ ತೂಕವಿತ್ತು. ನಮ್ಮಲ್ಲಿ ರಾಜ್ಯಗಳ ಮಾತು ಹೊರದೇಶದ ವ್ಯವಹಾರದಲ್ಲಿ ನಡೆಯುವುದಿದ್ದರೆ ಹೀಗೆ, ಸಂಸದರ ಲೆಕ್ಕದಲ್ಲಿ. ಕೇಂದ್ರ, ರಾಜ್ಯಗಳು ಕೂತು ಮಾತಾಡಲೆಂದು ಇರುವ ಅಂತರರಾಜ್ಯ ಮಂಡಳಿ 2016ರ ಜುಲೈ ಸಭೆಯ ನಂತರ ಆವತ್ತಿನವರೆಗೂ ಸೇರಿರಲಿಲ್ಲ.

ಬದಲಿಸಿ ಬರೆದದ್ದು

ಮುಂದಿನ ಮೂರು ಭಾನುವಾರ ನಾವು ನಾಲ್ಕೈದು ಜನ ಕೂತು ಐದು ಪಟ್ಟಿಗಳನ್ನು ಐದು ಕಾಗದ ಮಾಡಲು ಹೊರಟೆವು. ನಾಲ್ಕೇ ಆದವು. ಅದೂ ಒಂದು ನಿರ್ಧಾರ, ಮತ್ತು ಸುಲಭದ್ದಲ್ಲ.

ಭೂತಾನ್ ವಿಷಯ ಮೊದಲು. ಹಾಗೆ ನೋಡಿದರೆ ನಮ್ಮ ಗದ್ದಲದ ಲೆಕ್ಕವನ್ನು ಯಾರೂ ಹಾಕಿರಲಿಲ್ಲ. ಅಡಿಕೆ ಬೇಯಿಸಿ ಅಂಗಳದಲ್ಲಿ ಒಣಗಿಸಿ ಗೊತ್ತಿದ್ದ ಸದಸ್ಯರೊಬ್ಬರು ಹಾಕಿದರು: ಕ್ವಿಂಟಲ್ ಹಸಿ ಅಡಿಕೆಗೆ ಒಣಗಿದ ಮೇಲೆ ಸಿಗುವುದು ಹದಿಮೂರು ಕೆ.ಜಿ. ಆಸುಪಾಸು. ಆ ಲೆಕ್ಕದಲ್ಲಿ 17,000 ಟನ್ ಹಸಿ ಎಂದರೆ ಎರಡು ಸಾವಿರದ ಚಿಲ್ಲರೆ ಟನ್ ಒಣ ಸರಕು. ಅಸ್ಸಾಂ ಕಡೆ ಹಸಿ ಅಡಿಕೆಯನ್ನೇ ತಿನ್ನುವ ರೂಢಿ ಇರುವುದರಿಂದ ಹೆಚ್ಚಿನದು ಅಲ್ಲೇ ಖರ್ಚಾಗಬಹುದು. ನಾವು ಬೇಯಿಸಿ ಒಣಗಿಸಿ ಮಾರುವ ರಾಶಿ ಇಡಿ ಎಂಬ ಕೆಂಪಡಿಕೆಗೆ ಅದು ನೇರ ಎದುರಾಳಿಯಲ್ಲ. ಅಂಜಿಕೆ ಇರಬೇಕಾದದ್ದು ಬೇರೆ ಕಡೆ: ಒಂದು ದಾರಿ ತೆರೆದ ಮೇಲೆ ಅದರಲ್ಲಿ ಬರುವುದೆಲ್ಲ ಭೂತಾನ್‌ನದ್ದೇ ಎಂದು ನೋಡುವವರು ಯಾರು?

ಇಲ್ಲಿ ಮೊದಲ ತಿರುವು. 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಯಾದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದವನ್ನು ರದ್ದುಮಾಡಿ ಎಂದು ಒಂದು ಹಳ್ಳಿ ಸೊಸೈಟಿ ಬರೆದರೆ ಓದುವವನು ನಕ್ಕು ಬದಿಗಿಡುತ್ತಾನೆ. ಆದರೆ ಆ ಒಪ್ಪಂದದ ಒಳಗೇ ಮೂಲದ ನಿಯಮ ಇದೆ: ಸರಕು ನಿಜಕ್ಕೂ ಆ ದೇಶದ್ದಾಗಿದ್ದರೆ ಮಾತ್ರ ಸುಂಕದ ರಿಯಾಯಿತಿ. ಇಲ್ಲದಿದ್ದರೆ ಅಡಿಕೆಗೆ ಶೇಕಡಾ 100 ಸುಂಕ. 2020ರಿಂದ ಮೂಲದ ಪ್ರಮಾಣಪತ್ರವನ್ನು ಕೆದಕಿ ನೋಡುವ ಅಧಿಕಾರವನ್ನು ಸುಂಕ ಅಧಿಕಾರಿಗಳಿಗೆ ಹೊಸ ನಿಯಮಗಳು ಕೊಟ್ಟಿವೆ. ‘ರದ್ದುಮಾಡಿ’ ಎಂಬಲ್ಲಿ ‘ಪರಿಶೀಲಿಸಿ’ ಎಂದು ಬರೆದೆವು. ಜೊತೆಗೆ ಕನಿಷ್ಠ ಆಮದು ಬೆಲೆ ಏರಿಸಿ ಎಂದು, ಏಕೆಂದರೆ ಅದಕ್ಕೆ ಸಂಸತ್ತು ಬೇಕಿಲ್ಲ, ವಾಣಿಜ್ಯ ಸಚಿವಾಲಯದ ಒಂದು ಅಧಿಸೂಚನೆ ಸಾಕು. ಕ್ರಿಯಾಪದ ಬದಲಾದದ್ದಕ್ಕೆ ಅಧ್ಯಕ್ಷರಿಗೆ ಸಮಾಧಾನವಿರಲಿಲ್ಲ. ‘ಬೇಡ್ಕೊಂಡ ಹಾಗಾಯ್ತು’ ಎಂದರು.

ಜಿಎಸ್‌ಟಿ ಕಾಗದ ಬೇಗ ಮುಗಿಯಿತು. 2017ರ ಜುಲೈ 1ಕ್ಕೆ ಮೊದಲಾಗಿದ್ದರೆ ಅಡಿಕೆಯ ಮಾರಾಟ ತೆರಿಗೆಯನ್ನು ಬೆಂಗಳೂರೇ ತೀರ್ಮಾನಿಸಬಹುದಿತ್ತು. ಈಗ ದರ ತೀರ್ಮಾನಿಸುವ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರಕ್ಕೆ ಮೂರನೇ ಒಂದು ಮತತೂಕ, ರಾಜ್ಯಗಳಿಗೆಲ್ಲ ಸೇರಿ ಮೂರನೇ ಎರಡು, ತೀರ್ಮಾನಕ್ಕೆ ನಾಲ್ಕನೇ ಮೂರು. ಅಡಿಕೆ ಬೆಳೆಯದ ರಾಜ್ಯಕ್ಕೂ ಕರ್ನಾಟಕದಷ್ಟೇ ಮತ. ರಾಜ್ಯದ ಹಣಕಾಸು ಇಲಾಖೆಗೆ ಬರೆದೆವು, ಮಂಡಳಿಯ ಮುಂದಿಡಿ ಎಂದು. ಉತ್ತರ ಬರಲಿಲ್ಲ.

ಐದನೆಯದು ಹಣೆಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯಾನ್‌ನಲ್ಲಿದೆ. ತಂಬಾಕು ಸೇರಿಸದ ಅಡಿಕೆಯನ್ನೂ ಅದು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ 2004ರಲ್ಲಿ ಪ್ರಕಟಿಸಿತು. ಇದಕ್ಕೆ ಯಾರಿಗೆ ಬರೆಯುವುದು ಎಂದು ತಡಕಾಡುತ್ತಿದ್ದಾಗ ಸಂಘದ ಆಡಳಿತ ಮಂಡಳಿಯ ಸದಸ್ಯೆಯೊಬ್ಬರು, ಅಡಿಕೆ ಸುಲಿಯುವ ಹೆಂಗಸರ ಗುಂಪು ನಡೆಸುವವರು, ‘ಇದೊಂದು ಬಿಟ್ಬಿಡಿ’ ಎಂದರು. ಯಾಕೆ ಎಂದದ್ದಕ್ಕೆ, ‘ನಮ್ಮನೇಲಿ ಮಾವನ ಬಾಯಿ ನೋಡಿದೀನಿ. ನಾನು ಇದಕ್ಕೆ ರುಜು ಹಾಕಲ್ಲ.’ ಬೆಳೆಗಾರರ ಸಭೆಯಲ್ಲಿ ಈ ಮಾತು ಆಡುವುದಕ್ಕೆ ಎಷ್ಟು ಎದೆ ಬೇಕೆಂದು ಮಲೆನಾಡಿನವರಿಗೆ ಗೊತ್ತು. ಯಾರೂ ವಾದಿಸಲಿಲ್ಲ. ಆ ಪಟ್ಟಿಯನ್ನು ಪೋಸ್ಟ್ ಮಾಸ್ಟರು ಮಡಚಿ ಜೇಬಿಗೆ ಹಾಕಿಕೊಂಡರು.

ಆದದ್ದು

ಎಲೆಚುಕ್ಕೆಗೆ ಒಂದು ಸುತ್ತಿನ ಸಿಂಪಡಣೆಯ ಔಷಧಕ್ಕೆ ಸಹಾಯಧನ ಬಂತು. ಸಾಲದು, ಆದರೂ ಬಂತು.

ಆಮದಿನ ಕಾಗದ ಸಂಸದರ ಕಚೇರಿ ಮೂಲಕ ಹೋದ ಕೆಲವೇ ದಿನಕ್ಕೆ, 2023ರ ಫೆಬ್ರುವರಿ ಮಧ್ಯದಲ್ಲಿ, ಕನಿಷ್ಠ ಆಮದು ಬೆಲೆ 251ರಿಂದ 351 ರೂಪಾಯಿಗೆ ಏರಿತು. ಸಂಘದಲ್ಲಿ ಸಿಹಿ ಹಂಚಿದರು. ನಮ್ಮ ಕಾಗದ ಕೆಲಸ ಮಾಡಿತು ಎಂದು ಅಧ್ಯಕ್ಷರು ಇವತ್ತಿಗೂ ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದೊಡ್ಡ ಸಹಕಾರ ಸಂಸ್ಥೆಗಳು ಬಹಳ ಹಿಂದಿನಿಂದ ಅದನ್ನೇ ಕೇಳುತ್ತಿದ್ದವು, ವಿಧಾನಸಭಾ ಚುನಾವಣೆಗೆ ಮೂರೇ ತಿಂಗಳಿತ್ತು. ಭೂತಾನ್‌ನ ತಡಮೆ ಹಾಗೇ ಉಳಿಯಿತು. ಒಕ್ಕೂಟ ವ್ಯವಸ್ಥೆಯಲ್ಲಿ ಕೆಳಗಿನಿಂದ ಕೇಳಿದವನಿಗೆ ಸಿಕ್ಕಿದರೂ ಯಾಕೆ ಸಿಕ್ಕಿತು ಎಂದು ತಿಳಿಯುವುದಿಲ್ಲ. ಮುಂದಿನ ಸಲ ಏನು ಮಾಡಬೇಕು ಎಂಬುದಕ್ಕೆ ಇದರಿಂದ ಪಾಠ ತೆಗೆಯುವುದು ಕಷ್ಟ.

ಹೆಚ್ಚು ಕಲಿಸಿದ್ದು ವಿಮೆ. ಆಗ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತ ಕಟ್ಟುತ್ತಿದ್ದದ್ದು ಅದರ ಶೇಕಡಾ 5, ಅಂದರೆ 6,400. ಉಳಿದ ಕಂತನ್ನು ಕೇಂದ್ರ, ರಾಜ್ಯ ಹಂಚಿಕೊಳ್ಳುತ್ತವೆ. ಮಾರ್ಗಸೂಚಿ ದೆಹಲಿಯದ್ದು, ಟೆಂಡರ್ ಕರೆದು ಕಂಪನಿ ಆರಿಸುವುದು ಬೆಂಗಳೂರು, ಕಂತು ಹಿಡಿಯುವುದು ನಮ್ಮಂಥ ಸಂಘ, ನಷ್ಟ ಅಳೆಯುವುದು ಪಂಚಾಯಿತಿಗೊಂದರಂತೆ ಇರುವ ಮಳೆ ಮಾಪಕ. ತೋಟಕ್ಕೆ ಬಂದು ಯಾರೂ ನೋಡುವುದಿಲ್ಲ, ಯಂತ್ರ ಹೇಳಿದ್ದೇ ಮಳೆ.

ಆ ಯಂತ್ರವನ್ನು ನೋಡಲು ಹೋದವರು ಪೋಸ್ಟ್ ಮಾಸ್ಟರು ಮತ್ತು ಸಾಫ್ಟ್‌ವೇರ್ ಹುಡುಗ. ಶಾಲೆಯ ಅಂಗಳದ ಮೂಲೆಯಲ್ಲಿತ್ತು. ಮೇಲೆ ಹಲಸಿನ ಕೊಂಬೆ ಕೊಡೆ ಹಿಡಿದಂತೆ ಚಾಚಿತ್ತು, ಸೌರ ಫಲಕಕ್ಕೆ ಬಿಸಿಲಿಲ್ಲ, ಆಲಿಕೆಯ ಬಾಯಿಗೆ ತರಗೆಲೆ, ಒಳಗೆ ಕಣಜದ ಗೂಡು. ಪೋಸ್ಟ್ ಮಾಸ್ಟರಿಗೆ ಇನ್ನೊಂದು ಚಟವಿದೆ. ಮಲೆನಾಡಿನ ಹಳೆಯ ತೋಟದ ಮನೆಗಳಂತೆ ಅಂಗಳದಲ್ಲಿ ಮಳೆ ಅಳೆಯುವ ಶೀಶೆ ಇಟ್ಟು ದಿನಾ ಬೆಳಿಗ್ಗೆ ಪುಸ್ತಕದಲ್ಲಿ ಬರೆಯುತ್ತಾರೆ. ಪುಷ್ಯ ಮಳೆಯ ಒಂದು ದಿನ ಅವರ ಪುಸ್ತಕದಲ್ಲಿ ನೂರು ಮಿಲಿಮೀಟರ್ ದಾಟಿತ್ತು. ಯಂತ್ರದ ಲೆಕ್ಕದಲ್ಲಿ ಅದರ ಕಾಲುಭಾಗವೂ ಇರಲಿಲ್ಲ.

ಪಂಚಾಯಿತಿಗೆ ಹೋದರೆ ಪಿಡಿಒ ಹೇಳಿದರು: ‘ಯಂತ್ರ ನಮ್ಮದಲ್ಲ ಸಾರ್, ಜಾಗ ಮಾತ್ರ ನಮ್ಮ ವ್ಯಾಪ್ತೀದು.’ ತೋಟಗಾರಿಕೆಯವರು ಅಂಕಿಅಂಶ ತಮ್ಮದಲ್ಲ ಎಂದರು. ಕಂಪನಿಯ ಪ್ರತಿನಿಧಿ ಬಂದ ಅಂಕಿಗೆ ತಕ್ಕಂತೆ ಕೊಟ್ಟಿದ್ದೇವೆ ಎಂದ. ಕೊಂಬೆ ಕಡಿಯೋಣವೆಂದರೆ ಮರ ಶಾಲೆಯದು, ಮುಖ್ಯೋಪಾಧ್ಯಾಯಿನಿ ಶಾಲಾಭಿವೃದ್ಧಿ ಸಮಿತಿ ಒಪ್ಪಬೇಕೆಂದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ತಮಾಷೆ.

ಇಲ್ಲಿ ಎರಡನೇ ತಿರುವು, ಮತ್ತು ನಮ್ಮಲ್ಲೇ ಜಗಳ. ಹೋದ ವರ್ಷದ ಹಣಕ್ಕೆ ನ್ಯಾಯಾಲಯಕ್ಕೆ ಹೋಗೋಣ ಎಂದು ಅಧ್ಯಕ್ಷರು. ಜೂನ್ ಬರುವುದರೊಳಗೆ ಯಂತ್ರ ಸರಿಯಾಗಲಿ, ಹಣ ಆಮೇಲೆ ಎಂದು ಕಾರ್ಯದರ್ಶಿ. ನಾನು ಕಾರ್ಯದರ್ಶಿಯ ಪರ ನಿಂತೆ. ಹಣದ ವಿಷಯವನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಸಮಿತಿಗೆ ದೂರಾಗಿ ಕೊಟ್ಟು, ಯಂತ್ರದ ವಿಷಯವನ್ನು ಗ್ರಾಮಸಭೆಗೆ ತಂದೆವು. ಗ್ರಾಮಸಭೆಯ ನಿರ್ಣಯಕ್ಕೆ ಯಂತ್ರ ಮುಟ್ಟುವ ಶಕ್ತಿಯಿಲ್ಲ, ಆದರೆ ಮೇಲಿನ ಕಚೇರಿ ಅದಕ್ಕೆ ಉತ್ತರ ಬರೆಯದೆ ಇರಲಾಗುವುದಿಲ್ಲ. ಮೇ ತಿಂಗಳಲ್ಲಿ ತಂತ್ರಜ್ಞರು ಬಂದು ಆಲಿಕೆ ಬಿಚ್ಚಿ ತೊಳೆದರು. ಅದಕ್ಕೂ ಮೊದಲಿನ ಭಾನುವಾರ ನಮ್ಮ ಕೊನೆಗಾರ ಮರ ಹತ್ತಿ ಕೊಂಬೆ ಇಳಿಸಿದ್ದ. ಯಾರ ಅನುಮತಿಯಿಂದ ಎಂದು ಈ ಅಧ್ಯಯನದಲ್ಲಿ ಬರೆಯುವುದು ಬೇಡ.

ಕಳೆದುಕೊಂಡದ್ದು

ವಿಂಗಡಿಸಿದ್ದು ಸರಿ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಅದಕ್ಕೆ ತೆತ್ತ ಬೆಲೆ ಮೊದಲೇ ಕಂಡಿರಲಿಲ್ಲ. ಒಂದೇ ಮನವಿ ಇದ್ದಾಗ ಸಭಾಂಗಣ ತುಂಬಿತ್ತು. ನಾಲ್ಕು ಕಾಗದವಾದಾಗ ಬರುತ್ತಿದ್ದವರು ನಾಲ್ಕೈದು ಜನ. ಜನ ಸೇರಿದ್ದು ಎಲ್ಲ ಸೇರಿ ತಮ್ಮನ್ನು ತುಳಿಯುತ್ತಿದೆ ಎಂಬ ಒಂದು ಸಿಟ್ಟಿಗೆ. ನಾವು ಆ ಸಿಟ್ಟನ್ನು ಕಚೇರಿವಾರು ಬಿಡಿಸಿ ಕೊಟ್ಟೆವು. ಹಿರಿಯರೊಬ್ಬರು ಮಂಡಿಯ ಹತ್ತಿರ ಸಿಕ್ಕಾಗ ಅಂದರು: ‘ಮೊದ್ಲು ಬೈಯೋಕೆ ಒಬ್ರಾದ್ರೂ ಇದ್ರು. ಈಗ ನೀವು ಲೆಕ್ಕ ಹೇಳ್ದ್ಮೇಲೆ ಯಾರಿಗೆ ಬೈಯೋದು ಅಂತಾನೇ ಗೊತ್ತಾಗಲ್ಲ.’ ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮತ್ತೆ ಇಂಥ ಕೆಲಸಕ್ಕೆ ಕೂತರೆ ಬೀದಿಯ ಮನವಿ ಒಂದೇ ಇರಲಿ, ಟಪಾಲು ಮಾತ್ರ ಬೇರೆ ಬೇರೆ ಹೋಗಲಿ ಎನ್ನುತ್ತೇನೆ.

ಸರಿಯಾದ ಯಂತ್ರದ ಮೊದಲ ವರ್ಷ 2023. ಆ ವರ್ಷ ಮಳೆಯೇ ಕೈಕೊಟ್ಟಿತು. ಅತಿಮಳೆ ಅಳೆಯಲೆಂದು ತೊಳೆದಿಟ್ಟ ಆಲಿಕೆಗೆ ಅಳೆಯಲು ಹೆಚ್ಚೇನೂ ಬೀಳಲಿಲ್ಲ. ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಪರಿಹಾರದ ಹಣಕ್ಕಾಗಿ ಕೇಂದ್ರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಬೇಕಾಗಿ ಬಂದದ್ದು 2024ರ ಮಾರ್ಚ್‌ನಲ್ಲಿ. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ಪೋಸ್ಟ್ ಮಾಸ್ಟರು ಸಂಘದ ಜಗಲಿಯಲ್ಲಿ ಕೂತಿದ್ದರು.

‘ಮೇಷ್ಟ್ರೇ, ನಮ್ಮ ಹಾಗೇ ಅವರೂ ಲಕೋಟೆ ಹಿಡ್ಕೊಂಡು ನಿಂತ್ರಲ್ಲ’ ಎಂದರು.

ಕುಂದುಕೊರತೆ ಸಮಿತಿ ನಮ್ಮ ದೂರನ್ನು ಎರಡು ಸಲ ಕೇಳಿದೆ. ಯಂತ್ರದಲ್ಲಿ ದೋಷವಿತ್ತೆಂದು ಕಡತದಲ್ಲಿ ದಾಖಲಾಗಿದೆ. ಶೀಶೆಯ ಲೆಕ್ಕವನ್ನು ಸಾಕ್ಷಿಯೆಂದು ಒಪ್ಪಲು ನಿಯಮದಲ್ಲಿ ಅವಕಾಶವಿಲ್ಲ ಎಂದೂ ದಾಖಲಾಗಿದೆ. ಹಳೆಯ ಹಣ ಬಂದಿಲ್ಲ. ಪೋಸ್ಟ್ ಮಾಸ್ಟರು ಈಗ ಪುಸ್ತಕದಲ್ಲಿ ಎರಡು ಕಾಲಂ ಎಳೆದಿದ್ದಾರೆ, ಒಂದು ಶೀಶೆಯದ್ದು, ಇನ್ನೊಂದು ಹುಡುಗ ಮೊಬೈಲ್‌ನಲ್ಲಿ ನೋಡಿ ಹೇಳುವ ಯಂತ್ರದ್ದು.